ಕನ್ನಂಬಾಡಿ ಕಟ್ಟೆಯಿಂದ (ಕೆ.ಆರ್.ಎಸ್.) ನೀರು ಬಿಟ್ಟಾಗ ಊರಿನ ವಾಟ್ಸ್‌ಆಪ್ ಗುಂಪು ನಂಬುವಂತಿರಬೇಕಾದರೆ ಏನು ಮಾಡಬೇಕು?

ಜೆರಾಕ್ಸ್ ಅಂಗಡಿ, ಶ್ರೀರಂಗಪಟ್ಟಣ ತಾಲ್ಲೂಕು

ಕಾವೇರಿ ದಡದ ಊರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ಪರೀಕ್ಷೆ ಅರ್ಜಿ ಎಂದು ಎಲ್ಲ ಮನೆಯವರೂ ಬರುತ್ತಾರೆ, ಎಲ್ಲರ ಮೊಬೈಲ್ ಸಂಖ್ಯೆಯೂ ನನ್ನ ಬಳಿ ಇದೆ. ಹಾಗಾಗಿ ಊರಿನ ವಾಟ್ಸ್‌ಆಪ್ ಗುಂಪನ್ನು ನಾನೇ ನಡೆಸುತ್ತೇನೆ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಧ್ವನಿ ಸಂದೇಶವೊಂದು ಬಂತು: "ಕಟ್ಟೆ ಬಿರುಕು ಬಿಟ್ಟಿದೆ, ಉಟ್ಟ ಬಟ್ಟೆಯಲ್ಲೇ ಹೊರಡಿ." ಯಾರ ದನಿಯೋ ತಿಳಿಯದು, ಆದರೆ ಮಾತು ನಮ್ಮ ಕಡೆಯದೇ. ನಾನೂ ಹಿಂದೆಮುಂದೆ ನೋಡದೆ ಇನ್ನೆರಡು ಗುಂಪಿಗೆ ಕಳುಹಿಸಿದೆ. ಹಿಂದಿನ ಬೀದಿಯ ಅಜ್ಜಿ ಹಸುವಿನ ಹಗ್ಗ ಬಿಚ್ಚಿಕೊಂಡು ಕತ್ತಲೆಯಲ್ಲಿ ಗದ್ದೆಯ ಬದುವಿನ ಮೇಲೆ ಹೊರಟವರು ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಕಟ್ಟೆಗೆ ಏನೂ ಆಗಿರಲಿಲ್ಲ. ಹೊರಹರಿವು ಹೆಚ್ಚಿಸಲಾಗುವುದು ಎಂಬ ನಿಜವಾದ ಪ್ರಕಟಣೆ ಅಂದು ಮಧ್ಯಾಹ್ನವೇ ಗುಂಪಿಗೆ ಬಂದಿತ್ತು. ಶುಭೋದಯದ ಹೂವು, ತುಂಬಿದ ಕಟ್ಟೆಯ ಹಳೆಯ ವಿಡಿಯೊಗಳ ನಡುವೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಜ್ಜಿ ಆ ಕೈಯಲ್ಲಿ ಇವತ್ತಿಗೂ ಹಾಲು ಕರೆಯಲಾರರು. ಮುಂದಿನ ಮಳೆಗಾಲದೊಳಗೆ ಈ ಗುಂಪನ್ನು ಸರಿಪಡಿಸಲೇಬೇಕು. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿಕೊಡಿ.

ಕುವೆಂಪುನಗರ, ಮೈಸೂರು

ಅಕ್ಕ, 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಸ್ವಯಂಸೇವಕ ತಂತ್ರಜ್ಞರು ಅಲ್ಲಿನ ಸರ್ಕಾರದ ಐಟಿ ಮಿಷನ್ ಜೊತೆಗೂಡಿ 'ಕೇರಳ ರೆಸ್ಕ್ಯೂ' ಜಾಲತಾಣ ಕಟ್ಟಿದರು. ನೀರಿನ ನಡುವೆ ಸಿಕ್ಕಿಕೊಂಡವರು, ಅವರ ಪರವಾಗಿ ದೂರದಲ್ಲಿದ್ದ ಮಕ್ಕಳು ಅದರಲ್ಲಿ ವಿಳಾಸ, ಫೋನ್ ಸಂಖ್ಯೆ ಬರೆಯುತ್ತಿದ್ದರು. ನನ್ನ ಅಮ್ಮ ವಯನಾಡಿನವರು, ನನಗೆ ಮಲಯಾಳಂ ಬರುತ್ತದೆ. ಇಲ್ಲಿಂದಲೇ ಆ ಸಂಖ್ಯೆಗಳಿಗೆ ಕರೆ ಮಾಡಿ ವಿಚಾರಿಸುವ ಕೆಲಸಕ್ಕೆ ಕುಳಿತೆ.

ಎರಡನೆಯ ದಿನ ಒಬ್ಬ ಹೆಂಗಸು ಕರೆ ಎತ್ತಿದವರೇ ಅತ್ತುಬಿಟ್ಟರು. ಅವರನ್ನು ಹಿಂದಿನ ದಿನವೇ ದೋಣಿಯಲ್ಲಿ ಶಿಬಿರಕ್ಕೆ ಕರೆತಂದಿದ್ದರು. ಆಮೇಲೂ ನನ್ನಂಥವರ ಕರೆ ನಿಂತಿರಲಿಲ್ಲ. ಇನ್ನೊಂದು ಊರಿನಲ್ಲಿದ್ದ ಗಂಡನ ಜೊತೆ ಮಾತನಾಡಲು ಉಳಿಸಿಕೊಂಡಿದ್ದ ಚಾರ್ಜ್ ನಮ್ಮ ಕರೆಗಳಿಗೇ ಮುಗಿಯುತ್ತಾ ಬಂದಿತ್ತು. "ನಾವು ಬದುಕಿದ್ದೇವೆ ಎಂದು ಎಲ್ಲಾದರೂ ಬರೆಯಿರಿ" ಎಂದರು. ಆ ಮಾತನ್ನು ನಾನು ಮರೆತಿಲ್ಲ.

ಆದ್ದರಿಂದ ನಿಮ್ಮ ಗುಂಪಿನಲ್ಲಿ ಯಾರು ಕಂಡರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಮೂರೂ ಇಲ್ಲದ ಸಂದೇಶ ನಿಲ್ಲಬಾರದು. ಗುಂಪಿನ ಅಡ್ಮಿನ್ ಯಾರ ಸಂದೇಶವನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಸಹಾಯ ಸಿಕ್ಕಿದ ಕೂಡಲೇ ಆ ಬೇಡಿಕೆಯ ಕೆಳಗೆ "ಮುಗಿದಿದೆ" ಎಂದು ಸಮಯದೊಂದಿಗೆ ಹಾಕಿ. ಇನ್ನೊಂದು ಮಾತು: ಎಚ್ಚರಿಕೆಗೆ ಬೇರೆಯೇ ಗುಂಪು ಮಾಡಿ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಹೊಂದಿಸಿ. ಹೂವು, ಹಬ್ಬ ಎಲ್ಲ ಹಳೆಯ ಗುಂಪಿನಲ್ಲೇ ಇರಲಿ.

ನಿವೃತ್ತ ಸೌಡಿ, ಪಾಂಡವಪುರ

ತಾಯಿ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಮೇಲೆ ನೀರು ಬಿಡುವುದರಲ್ಲೇ ನನ್ನ ಆಯಸ್ಸು ಕಳೆದಿದೆ. ಜನ ಕಟ್ಟೆಯ ಪೂರ್ತಿ ಮಟ್ಟವಾದ 124.80 ಅಡಿ ತುಂಬಿತೇ ಎಂದಷ್ಟೇ ನೋಡುತ್ತಾರೆ. ದಡದವರು ನೋಡಬೇಕಾದದ್ದು ಒಳಹರಿವು. ಕಟ್ಟೆ ತುಂಬಿದ ಮೇಲೆ ಕೊಡಗಿನ ಮಳೆ, ಹೇಮಾವತಿ, ಲಕ್ಷ್ಮಣತೀರ್ಥ ತಂದ ನೀರೆಲ್ಲ ಬಂದಷ್ಟೂ ಹೊರಗೆ ಹೋಗಲೇಬೇಕು.

ಬಿಡುವ ನೀರನ್ನು ಕ್ಯೂಸೆಕ್‌ನಲ್ಲಿ ಹೇಳುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್‌ಗಿಂತ ತುಸು ಹೆಚ್ಚು. ಹಾಗೆಂದು ಹೇಳಿದರೆ ನಿಮ್ಮ ಅಜ್ಜಿಗೆ ಏನು ತಿಳಿದೀತು? ನಿಮ್ಮ ಊರಿನ ಸ್ನಾನಘಟ್ಟದ ಮೆಟ್ಟಿಲುಗಳಿಗೆ ಮೇಲಿನಿಂದ ಕೆಳಕ್ಕೆ ಅಂಕಿ ಬರೆಸಿ. ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟಾಗ ಎಷ್ಟನೆಯ ಮೆಟ್ಟಿಲು ಮುಳುಗಿತು, ಬಿಟ್ಟು ಎಷ್ಟು ಗಂಟೆಯ ಮೇಲೆ ಮುಳುಗಿತು ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಎರಡು ಮಳೆಗಾಲ ಬರೆದರೆ ನಿಮ್ಮ ಊರಿನ ಲೆಕ್ಕ ನಿಮಗೇ ಸಿಗುತ್ತದೆ. ಆಮೇಲೆ "ಸಂಜೆಯೊಳಗೆ ಐದನೆಯ ಮೆಟ್ಟಿಲು ಮುಳುಗುತ್ತದೆ, ಪಂಪ್‌ಸೆಟ್ ಮೇಲಕ್ಕೆ ಎಳೆದುಕೊಳ್ಳಿ" ಎಂದು ಹೇಳಬಹುದು. ಅದು ಎಲ್ಲರಿಗೂ ಅರ್ಥವಾಗುತ್ತದೆ.

ಕಪಿಲೆ ದಡ, ನಂಜನಗೂಡು

ನಮ್ಮಲ್ಲಿ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಎನ್ನುವುದೇ ಕಬಿನಿಯ (ಕಪಿಲೆಯ ಇನ್ನೊಂದು ಹೆಸರು) ಅಳತೆ. ಸೌಡಿಯವರು ಹೇಳಿದ್ದು ಸರಿ. ನೀರು ಏರಿದ ರಾತ್ರಿ ಕರೆಂಟ್ ಹೋಗುತ್ತದೆ, ಬೆಳಗಾಗುವುದರೊಳಗೆ ಮೊಬೈಲ್‌ಗಳೂ ಸಾಯುತ್ತವೆ. ಮೊಬೈಲ್ ಇಲ್ಲದ ಮನೆ, ಬಾಣಂತಿ ಇರುವ ಮನೆ, ಹಾಸಿಗೆ ಹಿಡಿದವರ ಮನೆ ಯಾವುವು ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತಿಗೆ 112, ಇವೆರಡನ್ನೂ ಆ ಹಾಳೆಯ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಜೆರಾಕ್ಸ್ ಅಂಗಡಿ, ಶ್ರೀರಂಗಪಟ್ಟಣ ತಾಲ್ಲೂಕು

ಎಲ್ಲರಿಗೂ ಕೈಮುಗಿಯುತ್ತೇನೆ. ಎಚ್ಚರಿಕೆಯ ಗುಂಪನ್ನು ಇಂದೇ ಮಾಡಿದೆ. ಬರೆಯುವವರು ನಾನು, ಗ್ರಾಮ ಪಂಚಾಯಿತಿಯ ನೀರುಗಂಟಿ, ಆಶಾ ಕಾರ್ಯಕರ್ತೆ, ಮೂವರೇ. ಮನೆಗಳ ಪಟ್ಟಿಯಲ್ಲಿ ಅರ್ಧವನ್ನು ಆಶಾ ಅಕ್ಕ ನೆನಪಿನಿಂದಲೇ ಹೇಳಿದರು, ನಾನು ಬರೆದುಕೊಂಡೆ. ಅಂಗಡಿಯ ಯಂತ್ರದಲ್ಲಿ ನಲವತ್ತು ಪ್ರತಿ ತೆಗೆಯುತ್ತೇನೆ. ಘಟ್ಟದಲ್ಲಿ ನೀರು ತಗ್ಗಿದೆ, ಒಟ್ಟು ಹತ್ತೊಂಬತ್ತು ಮೆಟ್ಟಿಲು ಕಾಣುತ್ತಿವೆ. ಸೌಡಿಯವರೇ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಬಣ್ಣ ನಿಲ್ಲುತ್ತದೆಯೇ, ಅಥವಾ ಕಲ್ಲುಕುಟಿಗರಿಂದ ಅಂಕಿಯನ್ನು ಕೊರೆಸಬೇಕೇ?