ಪದಚರ್ಚೆ: ‘ಪ್ಯಾನೊಪ್ಟೋಸಿಸ್’ಗೆ ಕನ್ನಡದಲ್ಲಿ ಏನೆನ್ನೋಣ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ವಿದ್ಯಾರ್ಥಿಗಳ ವಿಜ್ಞಾನ ಪ್ರದರ್ಶನಕ್ಕೆ ಫಲಕವೊಂದನ್ನು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ವಿಷಯ, ತಿರುಮಲಾದೇವಿ ಕನ್ನೆಗಂಟಿ ಅವರ ಸಂಶೋಧನೆ. ಉಸ್ಮಾನಿಯಾದಲ್ಲಿ ಓದಿ, ಈಗ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯಲ್ಲಿ ವಿಜ್ಞಾನಿಯಾಗಿದ್ದಾರೆ. ಸೋಂಕು ತಗುಲಿದ ಜೀವಕೋಶ ಸಾಯುವ ಒಂದು ಬಗೆಗೆ ಅವರ ತಂಡ 2019ರಲ್ಲಿ ‘ಪ್ಯಾನೊಪ್ಟೋಸಿಸ್’ ಎಂದು ಹೆಸರಿಟ್ಟಿತು. ಕನ್ನಡದಲ್ಲಿ ಏನು ಬರೆಯಲಿ?

ಉತ್ತರ 1:
‘ಪ್ಯಾನ್’ ಎಂದರೆ ಗ್ರೀಕಿನಲ್ಲಿ ‘ಎಲ್ಲ’. ‘ಸರ್ವಕೋಶಮರಣ’ ಎನ್ನಿ. ಮುಗಿಯಿತು.

ಉತ್ತರ 2:
ಮುಗಿಯಲಿಲ್ಲ. ಇಲ್ಲಿನ ‘ಪ್ಯಾನ್’ ಮೂರು ಮೊದಲಕ್ಷರಗಳಿಂದ ಬಂದದ್ದು: ಪೈರೊಪ್ಟೋಸಿಸ್, ಅಪೊಪ್ಟೋಸಿಸ್, ನೆಕ್ರೊಪ್ಟೋಸಿಸ್. ಮೂರೂ ಕೋಶ ಸಾಯುವ ಬಗೆಗಳು. ‘ಸರ್ವಕೋಶಮರಣ’ ಎಂದು ಓದಿದ ವಿದ್ಯಾರ್ಥಿ ಮೈಯ ಕೋಶಗಳೆಲ್ಲ ಸತ್ತವೆಂದು ತಿಳಿಯುತ್ತಾನೆ.

ಅಪೊಪ್ಟೋಸಿಸ್‌ನಲ್ಲಿ ಕೋಶ ಕುಗ್ಗುತ್ತದೆ, ಪೊರೆ ಸುತ್ತಿದ ಪುಟ್ಟ ಚೂರುಗಳಾಗುತ್ತದೆ, ಆ ಚೂರುಗಳನ್ನು ಬೇರೆ ಕೋಶಗಳು ನುಂಗಿಬಿಡುತ್ತವೆ. ಗದ್ದಲವಿಲ್ಲ. ಪೈರೊಪ್ಟೋಸಿಸ್‌ನಲ್ಲಿ ಗ್ಯಾಸ್ಡರ್ಮಿನ್ ಎಂಬ ಪ್ರೋಟೀನು ಪೊರೆಗೆ ತೂತು ಕೊರೆಯುತ್ತದೆ. ಕೋಶ ಊದಿ, ಒಡೆದು, ಒಳಗಿನದನ್ನು ಹೊರಚೆಲ್ಲಿ ಸುತ್ತಲೂ ಉರಿಯೂತ ಎಬ್ಬಿಸುತ್ತದೆ. ನೆಕ್ರೊಪ್ಟೋಸಿಸ್‌ನಲ್ಲೂ ಪೊರೆ ಒಡೆಯುತ್ತದೆ, ಒಡೆಯುವ ಪ್ರೋಟೀನು ಬೇರೆ. ಈ ಮೂರು ದಾರಿಗಳು ಒಂದರೊಳಗೊಂದು ಹೆಣೆದುಕೊಂಡಿವೆ, ಒಂದನ್ನು ಮುಚ್ಚಿದ ಮಾತ್ರಕ್ಕೆ ಸಾವು ನಿಲ್ಲದು ಎನ್ನುವುದೇ ಕನ್ನೆಗಂಟಿಯವರ ತಂಡದ ವಾದ. ಇನ್‌ಫ್ಲುಯೆಂಜಾ ವೈರಸ್ ಹೊಕ್ಕದ್ದನ್ನು ಗುರುತಿಸಿ ಈ ಸಾವಿಗೆ ಚಾಲನೆ ಕೊಡುವ ಜೆಡ್‌ಬಿಪಿ1 ಪ್ರೋಟೀನಿನ ಕೆಲಸವನ್ನು ಅವರು 2016ರಲ್ಲೇ ತೋರಿಸಿದ್ದರು. ಆ ಹೆಣಿಗೆ ಪದದಲ್ಲಿ ಕಾಣಬೇಕು. ‘ಮುಪ್ಪುರಿಸಾವು’ ಎನ್ನಿ.

ಉತ್ತರ 3:
‘ಮುಪ್ಪುರಿ’ ಉದ್ದವಾಯಿತು. ಮುಸ್ಸಂಜೆಯ ಮಾದರಿ ಇರುವಾಗ ‘ಮುಸ್ಸಾವು’ ಸಾಕು. ಒಳಗಿನ ಮೂರಕ್ಕೂ ಕನ್ನಡ ಬೇಕು. ಗ್ರೀಕಿನಲ್ಲಿ ‘ಅಪೊಪ್ಟೋಸಿಸ್’ ಎಂದರೆ ಎಲೆ, ಎಸಳು ಉದುರುವುದು. 1972ರಲ್ಲಿ ಕೆರ್, ವೈಲಿ, ಕರಿ ಎಂಬ ವಿಜ್ಞಾನಿಗಳಿಗೆ ಈ ಬಗೆಯ ಕೋಶಸಾವಿಗೆ ಆ ಪದವನ್ನು ಸೂಚಿಸಿದವರು ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್. ಆದ್ದರಿಂದ ‘ಉದುರುಸಾವು’. ‘ಪೈರೊ’ ಬೆಂಕಿ, ಆದ್ದರಿಂದ ‘ಉರಿಸಾವು’. ದಯವಿಟ್ಟು ಯಾರೂ ‘ಉರಿಮರಣ’ ಎಂದು ಬರೆಯಬೇಡಿ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ.

ಉತ್ತರ 4:
ಮುಸ್ಸಾವು ಎಂದರೆ ಮುಸ್ಸಂಜೆ ಹೊತ್ತಿನ ಸಾವೇ? ಈ ಹಟದಿಂದಲೇ ಕನ್ನಡದ ವಿಜ್ಞಾನ ಬರಹವನ್ನು ಮಕ್ಕಳು ಮುಟ್ಟುತ್ತಿಲ್ಲ. ಕಾಲರಾ, ಮಲೇರಿಯಾ, ಬ್ಯಾಕ್ಟೀರಿಯಾ ನಮ್ಮವಾಗಿಲ್ಲವೇ? ಮುಂದೆ ವೈದ್ಯಕೀಯ ಓದುವ ಮಗು ಅದೇ ಪದವನ್ನು ಮತ್ತೆ ಕಲಿಯಬೇಕೇಕೆ? ‘ಪ್ಯಾನೊಪ್ಟೋಸಿಸ್’ ಎಂದೇ ಅಚ್ಚು ಹಾಕಿಸಿ.

ಉತ್ತರ 3 (ಮತ್ತೆ):
ಹಾಗಿದ್ದರೆ ‘ಉರಿಯೂತ’ವನ್ನೂ ಬಿಡಿ. ಉರಿ, ಊತ, ಎರಡೂ ಅಚ್ಚಗನ್ನಡ. ರೋಗಿಗೂ ಅರ್ಥವಾಗುತ್ತದೆ, ವೈದ್ಯರಿಗೂ ಆಗುತ್ತದೆ. ‘ವೈರಾಣು’ ಕೂಡ ಮೊದಲ ದಿನ ಹೊಸದೇ. ಕಾಲರಾ ಜನರ ಬಾಯಲ್ಲಿ ಸವೆದು ಬಂದ ಪದ. ನೀವು ಹೇಳುತ್ತಿರುವುದು ಪ್ರಯೋಗಾಲಯದಿಂದ ನಿನ್ನೆ ಇಳಿದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಉತ್ತರ 2 (ಮತ್ತೆ):
ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಕೇಳಿದವರಿಗೆ ಅವಸರವಿದೆ. ‘ಉರಿಸಾವು’ ಮಾತ್ರ ಬೇಡ. ಸುಟ್ಟು ಸತ್ತರೆಂಬ ಅರ್ಥ ಬರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ತಲೆಬರಹದಲ್ಲಿ ‘ಮುಪ್ಪುರಿಸಾವು’, ಅದರ ಕೆಳಗೇ ‘ಪ್ಯಾನೊಪ್ಟೋಸಿಸ್’ ಎಂದು ಹಾಕುತ್ತಿದ್ದೇನೆ. ಒಳಗಿನ ಮೂರನ್ನು ಹಾಗೆಯೇ ಉಳಿಸಿದ್ದೇನೆ. ಇನ್ನೊಂದು ಸಾಲು ಬಾಕಿ ಇದೆ. ಟಿಎನ್‌ಎಫ್ ಮತ್ತು ಇಂಟರ್‌ಫೆರಾನ್ ಗಾಮಾ ಎಂಬ ಎರಡು ಸೈಟೊಕೈನ್‌ಗಳು (ಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಹೊರಬಿಡುವ ಪ್ರೋಟೀನುಗಳು) ಜೊತೆಗೂಡಿದಾಗ ಕೋಶಗಳು ಹೀಗೆ ಸಾಯುತ್ತವೆ, ಎರಡನ್ನೂ ತಡೆದರೆ ಸೋಂಕಿತ ಇಲಿಗಳು ಸಾಯುವುದು ತಗ್ಗುತ್ತದೆ ಎಂದು ಅವರ ತಂಡ ಕೋವಿಡ್ ಕಾಲದಲ್ಲಿ ತೋರಿಸಿತು. ಇಂಥ ಪ್ರೋಟೀನುಗಳು ಮಿತಿಮೀರಿ ಸುರಿಯುವುದನ್ನು ಅಲ್ಲಿ ‘ಸೈಟೊಕೈನ್ ಬಿರುಗಾಳಿ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದವರು ರಾತ್ರಿ ಹತ್ತರೊಳಗೆ ತಿಳಿಸಿ.