ಚಿಕ್ಕಪ್ಪ ಕೇಳಿದ ಪ್ರಶ್ನೆಗೆ ನನ್ನ ಉತ್ತರ

ಚಿಕ್ಕಪ್ಪ, ನಮಸ್ಕಾರ. 'ಕಿವಿ ಕೊಯ್ದುಕೊಂಡ ಹುಚ್ಚನ ಸಿನಿಮಾವನ್ನು ಯಾರೋ ಆನ್‌ಲೈನ್ ಜನರ ಜೊತೆ ನೋಡಿ ಏನು ಸಿಕ್ಕಿತು? ಅದಕ್ಕೆ ನಮ್ಮ ಪುಟ್ಟಿಯನ್ನು ಯಾಕೆ ಕೂರಿಸಿಕೊಂಡೆ?' ಎಂದು ಗ್ರೂಪಿನಲ್ಲಿ ಕೇಳಿದ್ದೀರಿ. ಎರಡು ಸಾಲಲ್ಲಿ ಹೇಳುವ ವಿಷಯ ಅಲ್ಲ. ಕಕ್ಕಡ ತಿಂಗಳ ಮಳೆಗೆ ಹೇಗೂ ಎಲ್ಲರೂ ಒಳಗೇ ಇದ್ದೀರಿ, ನಿಧಾನವಾಗಿ ಕೇಳಿ.

ಮೊದಲು ಆ ಜನರ ವಿಷಯ. ಹಳೇ ಸಿನಿಮಾ ಇಷ್ಟಪಡುವವರ ಸಣ್ಣ ಗುಂಪು ನಮ್ಮದು. ಒಬ್ಬರು ಧಾರವಾಡದಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಾರೆ. ಒಬ್ಬರದು ಉಡುಪಿಯಲ್ಲಿ ಪ್ರಿಂಟಿಂಗ್ ಪ್ರೆಸ್. ಇನ್ನೊಬ್ಬರು ರಿಟೈರ್ ಆದ ನರ್ಸ್. ಎಲ್ಲರೂ ಅವರವರ ಮನೆಯಲ್ಲಿ ಒಂದೇ ಹೊತ್ತಿಗೆ ಸಿನಿಮಾ ಹಾಕುತ್ತೇವೆ, ಫೋನಿನಲ್ಲಿ ಮಾತು ನಡೆಯುತ್ತಿರುತ್ತದೆ. ಯಾರಾದರೂ 'ನಿಲ್ಲಿಸಿ' ಅಂದರೆ ಎಲ್ಲರೂ ನಿಲ್ಲಿಸುತ್ತಾರೆ. ಇಲ್ಲಿ ಕರೆಂಟ್ ಹೋದರೆ ನಮಗಾಗಿ ಕಾಯುತ್ತಾರೆ. ಒಳ್ಳೆಯ ಜನ ಚಿಕ್ಕಪ್ಪ.

ಸಿನಿಮಾ 'ಲಸ್ಟ್ ಫಾರ್ ಲೈಫ್', 1956ರದ್ದು. ನಿರ್ದೇಶಕ ವಿನ್ಸೆಂಟೆ ಮಿನೆಲಿ. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಆಗಿ ಕರ್ಕ್ ಡಗ್ಲಾಸ್. ಗೆಳೆಯ ಗೋಗ್ಯಾಂ ಪಾತ್ರ ಮಾಡಿದ ಆಂಟನಿ ಕ್ವಿನ್‌ಗೆ ಆಸ್ಕರ್ ಬಂತು. ಮೊದಲು ಸಿನಿಮಾ ನಿಲ್ಲಿಸಿದ್ದು ಉಡುಪಿಯ ಪ್ರೆಸ್‌ನವರು, ಬಣ್ಣ ನೋಡಿ. ಬೆಲ್ಜಿಯಂನ ಕಲ್ಲಿದ್ದಲ ಗಣಿಯ ಭಾಗವೆಲ್ಲ ಬೂದು, ಕಪ್ಪು. ಫ್ರಾನ್ಸಿನ ಆರ್ಲ್‌ಗೆ ಬಂದರೆ ಎಲ್ಲೆಲ್ಲೂ ಹಳದಿ. ಆ ಕಾಲದ ಮಾಮೂಲು ಫಿಲ್ಮಿನ ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದು ಮಿನೆಲಿ ಹಟ ಹಿಡಿದು, ತಯಾರಿಕೆ ನಿಲ್ಲುತ್ತಿದ್ದ ಆನ್ಸ್ಕೋ ಫಿಲ್ಮನ್ನೇ ಬಳಸಿದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಇದ್ದ ಖುಷಿ ನೀವು ಕೇಳಬೇಕಿತ್ತು. ಒಬ್ಬಳೇ ನೋಡಿದ್ದರೆ ನಾನು ಕಥೆಯ ಹಿಂದೆ ಓಡಿಬಿಡುತ್ತಿದ್ದೆ.

ನನಗೆ ಜಾಸ್ತಿ ಹಿಡಿಸಿದ್ದು ಆರ್ಲ್‌ನ ಬೆಳಗು. ವ್ಯಾನ್ ಗೋ ಕಿಟಕಿಯ ಬಾಗಿಲು ತಳ್ಳುತ್ತಾನೆ, ಹೊರಗೆ ಹಣ್ಣಿನ ಮರಗಳೆಲ್ಲ ಹೂ ಬಿಟ್ಟು ನಿಂತಿವೆ. ಪುಟ್ಟಿ ತಕ್ಷಣ 'ಅಕ್ಕಾ, ನಮ್ಮ ತೋಟ!' ಎಂದಳು. ನಿಜ ಅಲ್ವಾ? ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಎರಡು ಮೂರು ದಿನ, ಆಮೇಲೆ ಕಂದಿಹೋಗುತ್ತದೆ. ಆ ದಿನಗಳಲ್ಲಿ ನೀವು ತೋಟ ಬಿಟ್ಟು ಎಲ್ಲಿಗೂ ಹೊರಡುವುದಿಲ್ಲ. ಅವನಿಗೂ ಅದೇ ಆತುರ ಇತ್ತು. ಸಿನಿಮಾ ಕಿಟಕಿ ತೆರೆದ ಕೂಡಲೇ ಹೂ ತೋರಿಸುತ್ತದೆ. ಆದರೆ 1888ರ ಫೆಬ್ರವರಿಯಲ್ಲಿ ಅವನು ಆರ್ಲ್‌ಗೆ ಬಂದಾಗ ಅಲ್ಲಿ ಹಿಮ ಬಿದ್ದಿತ್ತು. ಕಾದ. ಹೂ ಬಂದ ಮೇಲೆ ಸುಮಾರು ಒಂದು ತಿಂಗಳಲ್ಲಿ ತೋಟದ ಹದಿನಾಲ್ಕು ಚಿತ್ರ ಬರೆದ, ಹೂ ಉದುರುವ ಮುಂಚೆ ಮುಗಿಸಬೇಕೆಂದು. ಇದು ಹುಚ್ಚನ ಕೆಲಸವೇ ಚಿಕ್ಕಪ್ಪ? ಹಂಗಾಮು ಗೊತ್ತಿದ್ದವನ ಕೆಲಸ.

'ಹುಚ್ಚ' ಅನ್ನುವ ಮಾತಿಗೇ ಬರುತ್ತೇನೆ. ಕಿವಿಯ ಘಟನೆ ನಡೆದದ್ದು ನಿಜ, 1888ರ ಡಿಸೆಂಬರಿನಲ್ಲಿ. ಅವನಿಗೆ ಕಾಯಿಲೆ ಇತ್ತು. ಆದರೆ ಕಾಯಿಲೆ ಜೋರಾದಾಗ ಅವನ ಕೈ ನಿಂತೇ ಹೋಗುತ್ತಿತ್ತು. ನಾವು ಇವತ್ತು ನೋಡುವ ಚಿತ್ರಗಳು ಬಂದದ್ದು ಅವನು ಚೇತರಿಸಿಕೊಂಡು ಎದ್ದು ಕೂತ ದಿನಗಳಲ್ಲಿ. ನಮ್ಮ ನರ್ಸ್ ಗೆಳತಿ ಇದನ್ನೇ ಒತ್ತಿ ಹೇಳಿದರು. ಎಷ್ಟೋ ವರ್ಷ ಇಂಥ ರೋಗಿಗಳನ್ನು ನೋಡಿಕೊಂಡವರು ಅವರು. ಸಿನಿಮಾ ಕೆಲವು ಕಡೆ ಸಂಕಟವನ್ನು ಜಾಸ್ತಿಯೇ ಎಳೆಯುತ್ತದೆ ಎಂದು ನನಗೂ ಅನ್ನಿಸಿತು. ಕಾಗೆಗಳು ಹಾರುವ ಗೋಧಿ ಹೊಲದ ಚಿತ್ರವೇ ಅವನ ಕೊನೆಯದು ಅನ್ನುವ ಹಾಗೆ ತೋರಿಸಿದ್ದಾರೆ. ಅದು ಕೊನೆಯದಲ್ಲ. ಆಮೇಲೂ ಅವನು ಕೆಲಸ ಮಾಡಿದ. ಮರದ ಬೇರುಗಳ ಒಂದು ಚಿತ್ರವನ್ನೇ ಈಗ ಕೊನೆಯದು ಎಂದು ತಿಳಿದವರು ಹೇಳುತ್ತಾರೆ.

ಇನ್ನು ಮನೆಯವರ ಮಾತು. ಇದು ನಮ್ಮ ಮನೆಯವರೆಲ್ಲ ಕೇಳಲೇಬೇಕಾದದ್ದು. ಸಿನಿಮಾದ ಉದ್ದಕ್ಕೂ ಕಾಗದಗಳ ಸಾಲು ಕೇಳಿಬರುತ್ತವೆ. ಅವನು ತಮ್ಮ ಥಿಯೊಗೆ ಬರೆದವು. ಥಿಯೊ ಪ್ಯಾರಿಸ್‌ನಲ್ಲಿ ಚಿತ್ರ ಮಾರುವ ಅಂಗಡಿಯಲ್ಲಿ ಕೆಲಸದಲ್ಲಿದ್ದ. ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದ, ಬಣ್ಣ ಕಳಿಸುತ್ತಿದ್ದ. ಬಿಟ್ಟಿ ದುಡ್ಡು ತಿನ್ನುತ್ತಿದ್ದೇನೆ ಎಂದು ಅಣ್ಣನಿಗೆ ಅನ್ನಿಸಬಾರದಲ್ಲ? 1884ರಿಂದ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಥಿಯೊ ಕೊಡುವ ಹಣಕ್ಕೆ ವಿನ್ಸೆಂಟ್‌ನ ಚಿತ್ರಗಳು. 1890ರ ಜುಲೈನಲ್ಲಿ ಅಣ್ಣ ಹೋದ, 37 ವರ್ಷಕ್ಕೆ. ಆರು ತಿಂಗಳಲ್ಲಿ ತಮ್ಮನೂ ಹೋದ.

ಇಲ್ಲಿಂದ ಮುಂದಿನದು ಸಿನಿಮಾದಲ್ಲಿ ಇಲ್ಲ, ಧಾರವಾಡದವರು ಹೇಳಿದ್ದು. ಥಿಯೊನ ಹೆಂಡತಿ ಯೊ, ಆಗ 28ರ ಹೆಂಗಸು, ಕಂಕುಳಲ್ಲಿ ಮಗು. ಬಾಡಿಗೆಗೆ ಕೋಣೆ ಕೊಟ್ಟು, ಊಟ ಹಾಕಿ ಸಂಸಾರ ನಡೆಸಿದಳು. ಯಾರಿಗೂ ಬೇಡವಾಗಿದ್ದ ಆ ಚಿತ್ರಗಳನ್ನು ಜೋಪಾನ ಮಾಡಿದಳು, ಪ್ರದರ್ಶನಗಳಿಗೆ ಕಳಿಸಿದಳು. 1914ರಲ್ಲಿ ಕಾಗದಗಳನ್ನೆಲ್ಲ ಪುಸ್ತಕ ಮಾಡಿ ಹೊರಗೆ ತಂದಳು. ಆ ಮಗುವಿಗೂ ವಿನ್ಸೆಂಟ್ ಎಂದೇ ಹೆಸರು. ಅವನು ಹುಟ್ಟಿದ ಖುಷಿಗೆ ದೊಡ್ಡಪ್ಪ ಬರೆದದ್ದೇ ನೀಲಿ ಆಕಾಶದ ಎದುರು ಬಾದಾಮಿ ಹೂವಿನ ಚಿತ್ರ. ಆ ಹುಡುಗ ಬೆಳೆದು ಇಂಜಿನಿಯರ್ ಆದ. ಮನೆಯಲ್ಲಿದ್ದ ಚಿತ್ರಗಳನ್ನು ಚದುರಿಹೋಗದ ಹಾಗೆ ಒಟ್ಟಿಗೆ ಉಳಿಸಿದ. 1973ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಮ್ಯೂಸಿಯಂ ನಿಂತಿರುವುದು ಅವುಗಳ ಮೇಲೆ. ಒಂದು ಮನೆ ಇಷ್ಟೆಲ್ಲ ಮಾಡಿತು ಚಿಕ್ಕಪ್ಪ. ಇದನ್ನು ಕೇಳಿದ ಮೇಲೆ ನನಗೆ ಬಹಳ ಹೊತ್ತು ಮಾತೇ ಬರಲಿಲ್ಲ.

ಪುಟ್ಟಿಯನ್ನು ಕೂರಿಸಿಕೊಂಡದ್ದು ಬೇಕೆಂದೇ. ಆಲೂಗಡ್ಡೆ ತಿನ್ನುವ ರೈತರ ಚಿತ್ರ ಬಂದಾಗ ಅವಳೇ ನಿಲ್ಲಿಸಿ ಎಂದಳು. 'ಆ ಕೈ ನೋಡಿ, ಅದೇ ಕೈ ಮಣ್ಣು ಅಗೆದದ್ದು' ಎಂದಳು. ವ್ಯಾನ್ ಗೋ ತಮ್ಮನಿಗೆ ಆ ಚಿತ್ರದ ಬಗ್ಗೆ ಬರೆದದ್ದೂ ಇದನ್ನೇ! ಅವಳು ಆ ಕಾಗದ ಓದಿರಲಿಲ್ಲ. ಅವಳ ಕಣ್ಣು ಚೆನ್ನಾಗಿದೆ. ಮೈಸೂರಿನ ಚಿತ್ರಕಲಾ ಕಾಲೇಜು ಕಾವಾಕ್ಕೆ ಅರ್ಜಿ ಹಾಕುತ್ತೇನೆ ಎಂದು ಕೇಳುತ್ತಿದ್ದಾಳೆ, ನೀವು ಇನ್ನೂ ಹ್ಞೂಂ ಅಂದಿಲ್ಲ. ಬೇಡ ಅನ್ನುವ ಮುಂಚೆ ಒಮ್ಮೆ ಅವಳ ಪಕ್ಕ ಕೂತು ಈ ಸಿನಿಮಾ ನೋಡಿ. ನಾನು ಕೇಳುವುದು ಇಷ್ಟೇ.

ಭಾನುವಾರ ಸಂಜೆ ನಾನೇ ಲ್ಯಾಪ್‌ಟಾಪ್ ತಂದು ನಿಮ್ಮ ಟಿವಿಗೆ ಹಾಕುತ್ತೇನೆ. ಎರಡು ಗಂಟೆಯ ಸಿನಿಮಾ. ಮಾತು ಇಂಗ್ಲಿಷ್, ಅಜ್ಜಿಗೆ ನಾನು ಹೇಳುತ್ತಾ ಹೋಗುತ್ತೇನೆ. ಕೊನೆಯ ಭಾಗ ಕಷ್ಟ ಇದೆ, ಚಿಕ್ಕ ಮಕ್ಕಳು ಬೇಡ. ಚಿಕ್ಕಮ್ಮಾ, ಆರು ಗಂಟೆಗೆ ಆಗುತ್ತದಾ ಹೇಳಿ.