ಎಂಗೇಜ್‌ಮೆಂಟ್‌ಗೆ ‘ವಿಚಾರಣೆ’ ಅನ್ನಬಹುದಾ?

ಬಳಗದವರಿಗೆ ಕಲಬುರಗಿಯಿಂದ ನಮಸ್ಕಾರ.

ಇಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವ ಕೆಲವು ಹೆಣ್ಣುಮಕ್ಕಳಿಗೆ ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ವ್ಯಾಪಾರ ಮಾಡೋದು ಹೇಗೆ ಅಂತ ಹೇಳಿಕೊಡುತ್ತಿದ್ದೇನೆ. ಅವರಿಗೆ ಅಂತ ನಾಲ್ಕು ಪುಟದ ಕನ್ನಡ ಕೈಪಿಡಿ ಬರೆಯಲು ಕೂತೆ. ಎಂಗೇಜ್‌ಮೆಂಟ್, ಅಂದರೆ ಪೋಸ್ಟ್ ನೋಡಿದವರು ಅದಕ್ಕೆ ಲೈಕ್, ಕಾಮೆಂಟ್ ಮಾಡೋದು, ಹಂಚೋದು, ಅನ್ನೋ ಪದದ ಹತ್ತಿರ ಕೈ ನಿಂತಿದೆ.

ರೀಚ್, ವ್ಯೂ ಎರಡೂ ಕಷ್ಟ ಆಗಲಿಲ್ಲ. ಒಬ್ಬರೇ ಒಂದು ವಿಡಿಯೊವನ್ನು ಹತ್ತು ಸಲ ನೋಡಿದರೂ ರೀಚ್ ಲೆಕ್ಕದಲ್ಲಿ ಅವರು ಒಬ್ಬರೇ. ವ್ಯೂ ಮಾತ್ರ ಹತ್ತು. ಹಾಗಾಗಿ ‘ಎಷ್ಟು ಮಂದಿ’, ‘ಎಷ್ಟು ಸಲ’ ಅಂತ ಬರೆದೆ. ‘ತಲುಪುವಿಕೆ’ಗಿಂತ ಬೇಗ ತಿಳಿಯಿತು. ಫಾಲೋವರ್ ಅನ್ನೋದನ್ನು ಹಾಗೇ ಬಿಟ್ಟಿದ್ದೇನೆ. ‘ಅನುಯಾಯಿ’ ಅಂದರೆ ಗುರು, ಮಠದ ನೆನಪು ಬರುತ್ತದೆ. ‘ಗಿರಾಕಿ’ ಅನ್ನೋಣ ಅಂದರೆ, ದುಡ್ಡು ಕೊಟ್ಟು ಒಯ್ದವರು ಮಾತ್ರ ಗಿರಾಕಿ.

ಎಂಗೇಜ್‌ಮೆಂಟ್ ಅಂದರೆ ಎಲ್ಲರಿಗೂ ಗೊತ್ತಿರುವುದು ನಿಶ್ಚಿತಾರ್ಥ. ‘ತೊಡಗಿಸಿಕೊಳ್ಳುವಿಕೆ’ ಅಂತ ಓದಿದೆ, ಯಾರಿಗೂ ಹತ್ತಲಿಲ್ಲ. ‘ಸ್ಪಂದನೆ’ ಒಳ್ಳೆಯ ಪದವೇ. ಆದರೆ ಅದರಲ್ಲಿ ಸುಮ್ನೆ ಒತ್ತಿದ ಲೈಕೂ ಬರುತ್ತದೆ, ‘ಹತ್ತು ರೊಟ್ಟಿಗೆ ಎಷ್ಟು?’ ಅಂತ ಕೇಳಿದ ಕಾಮೆಂಟೂ ಬರುತ್ತದೆ. ಮಾರುವವರಿಗೆ ಇವೆರಡೂ ಒಂದೇ ಅಲ್ಲ, ಅಲ್ವಾ?

ಬ್ರಹ್ಮಪುರದ ಒಬ್ಬರು ತುಂಬ ಚೆಂದದ ರೀಲ್ ಮಾಡಿದ್ದರು. ಹಿಟ್ಟು ತಟ್ಟುವ ಸದ್ದು, ರೊಟ್ಟಿ ಮೇಲೆ ಒದ್ದೆ ಬಟ್ಟೆ ಸವರಿದಾಗ ಏಳುವ ಹಬೆ, ಆಮೇಲೆ ಹಂಚಿನ ಮೇಲೆ ಉಬ್ಬಿದ ರೊಟ್ಟಿ. ಎರಡು ದಿನ ಬಿಟ್ಟು ಬಂದು ಹೇಳಿದರು: “ನೋಡೋರು ಭಾಳ ಮಂದಿ ನೋಡ್ಯಾರ್ರಿ ಅಕ್ಕೋರೆ, ವಿಚಾರಸೋರು ಒಬ್ಬರೂ ಇಲ್ಲ.” ಮತ್ತೆ ನೋಡಿದರೆ ಅದರಲ್ಲಿ ದರ ಇಲ್ಲ, ಓಣಿ ಹೆಸರಿಲ್ಲ, ಫೋನ್ ನಂಬರೂ ಇಲ್ಲ. ಮೂರನ್ನೂ ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಸಿದೆ. ಸ್ಟೇಟಸ್ ಇರೋದು 24 ಗಂಟೆ ಮಾತ್ರ, ಕಾಣೋದೂ ಪರಿಚಯದ ನಂಬರಿನವರಿಗೆ. ನೋಡಿದವರು ಕಡಿಮೆಯೇ. ಆದರೂ ಸಂಜೆಯೊಳಗೆ ಒಂದು ಮದುವೆ ಮನೆಯವರು ವಿಚಾರಿಸಿದರು.

ನನಗೆ ಬೇಕಾದ ಪದ ಆ ರೀಲ್ ಮಾಡಿದವರ ಬಾಯಲ್ಲೇ ಇತ್ತು ಅನಿಸಿತು. ಇಲ್ಲಿ ಅಂಗಡಿಯವರೂ ಹಾಗೇ ಅನ್ನುತ್ತಾರೆ, ‘ವಿಚಾರಿಸಿ ಹೋದರು, ಒಯ್ಯಲಿಲ್ಲ’ ಅಂತ. ನೋಡೋದಕ್ಕೂ ಕೊಳ್ಳೋದಕ್ಕೂ ನಡುವಿನ ಮೆಟ್ಟಿಲು ಅದು. ರೀಲ್ ಹಾಕಿದ ಮೇಲೆ ಲೆಕ್ಕ ಇಡಬೇಕಾದದ್ದು ಅದನ್ನೇ ಅಂತ ನನ್ನ ನಂಬಿಕೆ.

ತೊಡಕು ಒಂದೇ. ‘ವಿಚಾರಣೆ’ ಅಂತ ಅಚ್ಚಾದರೆ ಕೋರ್ಟು, ಪೊಲೀಸ್ ಠಾಣೆ ನೆನಪಾಗುತ್ತದೆ. ಬಸ್ ನಿಲ್ದಾಣದ ಕಿಟಕಿ ಮೇಲೂ ಅದೇ ಪದ ಇದೆ, ಅಲ್ಲಿ ಯಾರೂ ಹೆದರುವುದಿಲ್ಲ ನಿಜ. ಆದರೂ ಕೈಪಿಡಿ ರಾಯಚೂರು, ಹಾವೇರಿ ಕಡೆ ಹೋದರೆ ಹೇಗೆ ಓದುತ್ತಾರೋ ಅನ್ನೋ ಅಳುಕಿದೆ. ಸದ್ಯಕ್ಕೆ ನಾಮಪದ ಬಿಟ್ಟು, ಲೆಕ್ಕದ ಹಾಳೆಯಲ್ಲಿ ಮೂರು ಸಾಲು ಬರೆದಿದ್ದೇನೆ: ಎಷ್ಟು ಮಂದಿ ನೋಡಿದರು, ಎಷ್ಟು ಸಲ ನೋಡಿದರು, ಎಷ್ಟು ಮಂದಿ ವಿಚಾರಿಸಿದರು.

ನಿಮ್ಮ ಕಡೆ ಅಂಗಡಿಗೆ ಬಂದು ದರ ಕೇಳಿ, ಕೊಳ್ಳದೆ ಹೋದವರ ಬಗ್ಗೆ ಯಾವ ಪದ ಬಳಸುತ್ತೀರಿ? ಮೈಸೂರು, ಮಂಗಳೂರು, ಧಾರವಾಡದವರು ದಯವಿಟ್ಟು ತಿಳಿಸಿ. ಲೈಕಿಗೂ ನಿಮ್ಮಲ್ಲಿ ಚಿಕ್ಕ ಪದ ಇದ್ದರೆ ಅದೂ ಬೇಕು.